ಬ್ಯಾಂಕು ಅಳೆಯಲು ಬಂದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ರೋಣದ ಬಸ್ ಸ್ಟ್ಯಾಂಡಿನಲ್ಲಿ ಹೇಳಿದವರು ನಮ್ಮ ಬ್ಯಾಂಕಿನ ಹಳೆಯ ಕ್ಯಾಶಿಯರು.

“ಖರೇನ?” ಎಂದು ಕೇಳಿದೆ.

“ಖರೇ ಅಂತ. ಆದರ ಇದನ್ನ ಅವರಿಗೆ ಯಾರರ ಹೇಳಿದ್ರ, ಅವರು ನಂಬತಿರಲಿಲ್ಲ ನೋಡ್ರಿ.”

ಇಬ್ಬರೂ ನಕ್ಕೆವು. ಸಾವಿನ ಸುದ್ದಿಗೆ ನಕ್ಕೆವಲ್ಲ ಎಂದು ಹೊಳೆದು ಇಬ್ಬರೂ ಸುಮ್ಮನಾದೆವು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅವರದೇ ನೆನಪು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದರೆ, ಯಾರನ್ನು ಕೇಳಿ ಬರೆದಿರಿ ಎಂದು ವಿಚಾರಿಸದೆ ಬಿಡುವ ಮನುಷ್ಯರಲ್ಲ. ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಗಜೇಂದ್ರಗಡದ ಶಾಖೆಯಲ್ಲಿ ಗುಮಾಸ್ತ. ಅವರು ನಮ್ಮ ಬ್ಯಾಂಕಿನ ಮುಖ್ಯ ಕಚೇರಿಯ ಇನ್ಸ್‌ಪೆಕ್ಟರು. ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಶಾಖೆಗಳು ಹೇಗೆ ನಡೆದಿವೆ ಎಂದು ನೋಡಿ ಮೇಲಿನವರಿಗೆ ಬರೆಯುವುದು ಅವರ ಕೆಲಸ. ಒಣಗಿದ ಮೈ, ಕೊರಳ ತನಕ ಗುಂಡಿ ಹಾಕಿದ ಕೋಟು, ಕಚ್ಚೆ ಧೋತರ, ಕರಿ ಟೋಪಿ. ಬೇಸಿಗೆ ಇರಲಿ, ಚಳಿ ಇರಲಿ, ಕೈಯಲ್ಲೊಂದು ಕೊಡೆ. ಯಾರಾದರೂ ಮಾತಾಡುವಾಗ ತಲೆಯನ್ನು ತುಸು ಓರೆ ಮಾಡಿ, ಎಡಗಣ್ಣು ಕಿರಿದು ಮಾಡಿ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಒಂದೇ ಮಾತು: “ಇರಲಿ, ನೋಡೋಣ.” ಕುರ್ಚಿ ಕೊಟ್ಟರೆ ಕೂಡುವ ಮೊದಲು ಕೈಯಿಂದ ಒತ್ತಿ ನೋಡುತ್ತಿದ್ದರು. ಮಗು ಹುಟ್ಟಿತು ಎಂದು ಯಾರೋ ಪೇಡೆ ಕೊಟ್ಟಾಗಲೂ “ಇರಲಿ, ನೋಡೋಣ” ಅಂದರಂತೆ.

ಒಮ್ಮೆ ರೋಣದ ಏಜೆಂಟರು, ಆಗ ಬ್ಯಾಂಕಿನ ಶಾಖೆಯ ಮುಖ್ಯಸ್ಥರನ್ನು ಏಜೆಂಟರೆಂದೇ ಕರೆಯುತ್ತಿದ್ದರು, ಸವಡಿ ಕಡೆ ಮಳೆ ಚೆನ್ನಾಗಿ ಆಗಿದೆ, ಜೋಳ, ಕಡಲೆ ಭರ್ಜರಿಯಾಗಿ ಬರುತ್ತವೆ, ಸಾಲ ಕೊಟ್ಟದ್ದಕ್ಕೆ ಚಿಂತೆಯಿಲ್ಲ ಎಂದು ಹೇಳಿದರು. ಇವರು ಏನೂ ಅನ್ನದೆ ಎದ್ದು ಚಕ್ಕಡಿ ಹಿಡಿದು ಸವಡಿಗೆ ಹೋದರು. ಕಪ್ಪು ಮಣ್ಣಿನ ಎರಿ ಹೊಲದ ನಡುವೆ ನಿಂತು ಕೊಡೆಯ ತುದಿಯನ್ನು ಮಣ್ಣಿಗೆ ಚುಚ್ಚಿದರು. ಮಳೆಯ ಹಸಿ ಎಲ್ಲಿಯ ತನಕ ಇದೆಯೆಂದು, ಅದು ಎಷ್ಟು ಇಳಿಯಿತೋ ನೋಡಿದರು. ಹೊಲದ ಒಡೆಯ ದೂರದಿಂದ ಓಡಿ ಬಂದು, “ಯಾವ ಸರ್ವೇದವರ್ರಿ ನೀವು, ನಮ್ಮ ಹೊಲ ಯಾಕ ಅಳೀತೀರಿ?” ಎಂದು ಜಗಳಕ್ಕೇ ನಿಂತನಂತೆ. ಸಂಶಯ ಮಾಡುವವರನ್ನು ಕಂಡರೆ ಲೋಕವೂ ಸಂಶಯ ಮಾಡುತ್ತದೆ. ಅವರು ಹೋದಲ್ಲೆಲ್ಲ ಹೀಗೆಯೇ ಆಗುತ್ತಿತ್ತು.

ಆ ಕಾಲವೂ ಹಾಗಿತ್ತು. ಒಂದೆರಡು ವರ್ಷ ಹತ್ತಿಯ ದರ ಯಾರೂ ನೆನೆಸದಷ್ಟು ಏರಿತು. ರೋಣದ ದಲಾಲರ ಅಂಗಡಿಗಳ ಮುಂದೆ ಹತ್ತಿಯ ಗಾಡಿಗಳು ಸಾಲುಗಟ್ಟಿ ನಿಂತವು, ಬ್ಯಾಂಕಿನ ವ್ಯವಹಾರ ಬೆಳೆಯಿತು, ಲಾಭ ಬಂತು. ರೋಣದ ಏಜೆಂಟರನ್ನು ಮುಖ್ಯ ಕಚೇರಿಯವರು ಕರೆದು ಹಾರ ಹಾಕಿದರು. ಅವರಿಗೆ ಬಡ್ತಿ ಕೊಡುವುದಕ್ಕೆ ಇನ್ಸ್‌ಪೆಕ್ಟರರ ಅಭಿಪ್ರಾಯ ಕೇಳಿದಾಗ, ಇವರು ಎಲ್ಲರೆದುರು ಅಂದದ್ದು ನಮ್ಮ ತನಕ ಬಂದು ಮುಟ್ಟಿತ್ತು: “ಲಾಭ ಮಾಡಿದ್ದು ಏಜೆಂಟರಲ್ಲ, ಹತ್ತಿ. ಬಡ್ತಿ ಕೊಡೂದಿದ್ರ ಹತ್ತಿಗೆ ಕೊಡ್ರಿ.”

ಮುಂದೆ ದರ ಏರಿದಷ್ಟೇ ಬೇಗ ಕುಸಿಯಿತು. ಹತ್ತಿಯ ಹಿಂದೆ ಸೀರೆಯ ವ್ಯಾಪಾರವೂ ಮಲಗಿತು. ರೈತನ ಕೈಯಲ್ಲಿ ರೊಕ್ಕವಿಲ್ಲದಿದ್ದರೆ ಗಜೇಂದ್ರಗಡದ ಸೀರೆ ಕೊಳ್ಳುವವರು ಯಾರು? ಆಗ ಮುಖ್ಯ ಕಚೇರಿಯಿಂದ ಒಂದು ಮಾತು ಹೊರಬಿತ್ತು. ಮೂರು ಶಾಖೆಗಳಲ್ಲಿ ಒಂದನ್ನು ಮುಚ್ಚುತ್ತಾರೆ. ಯಾವುದನ್ನು ಎಂದು ಇನ್ಸ್‌ಪೆಕ್ಟರರು ನೋಡಿ ಹೇಳುತ್ತಾರೆ. ಲಾಭದ ಲೆಕ್ಕದಲ್ಲಿ ಎಲ್ಲಕ್ಕಿಂತ ಹಿಂದಿದ್ದದ್ದು ನಮ್ಮ ಶಾಖೆ.

ನಮ್ಮ ಏಜೆಂಟರು ಬಸಲಿಂಗಪ್ಪನವರು. ನನಗೆ ಕೆಲಸ ಕಲಿಸಿದವರು, ಮದುವೆಯಲ್ಲಿ ನನ್ನ ತಂದೆಯ ಜಾಗದಲ್ಲಿ ನಿಂತವರು. ಸಿಟ್ಟು ಬಂದರೆ ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಓರಣ ಮಾಡುತ್ತಿದ್ದರೇ ಹೊರತು ದನಿ ಎತ್ತಿದವರಲ್ಲ. ಇನ್ಸ್‌ಪೆಕ್ಟರರು ಬರುವ ಸುದ್ದಿ ಕೇಳಿದ ಮೇಲೆ ಅವರ ಊಟ ಕಡಿಮೆಯಾಯಿತು. ಒಂದು ದಿನ ಸೀರೆ ವ್ಯಾಪಾರಿ ತೋಟಪ್ಪ ಸಾವಕಾರರು ಬಂದು ದೊಡ್ಡದೊಂದು ಮೊತ್ತ ಠೇವು, ಅಂದರೆ ಠೇವಣಿ, ಇಟ್ಟು ಹೋದರು. ಆ ಮಂದ ಕಾಲದಲ್ಲಿ ಅಷ್ಟು ರೊಕ್ಕ ಕಂಡು ನಾನು ಏಜೆಂಟರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ನನಗೆ ತಿಳಿಯಿತು. ಇನ್ಸ್‌ಪೆಕ್ಟರರು ಬಂದು ಹೋಗುವ ತನಕ ಶಾಖೆ ದಷ್ಟಪುಷ್ಟವಾಗಿ ಕಾಣಲೆಂದು ಏಜೆಂಟರೇ ಕೇಳಿ ಇಡಿಸಿದ್ದರು.

ಇನ್ಸ್‌ಪೆಕ್ಟರರು ಗದಗಿನ ಮೋಟಾರಿನಿಂದ ಇಳಿದವರು ನೇರ ಬ್ಯಾಂಕಿಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಯಾವ ಊರಿನವರು ಇಳಿಯುತ್ತಾರೆ, ಯಾರ ಹೆಗಲ ಮೇಲೆ ಸೀರೆಯ ಗಂಟು ಇದೆ, ಯಾರು ಬರಿಗೈಯಲ್ಲಿ ತಿರುಗಿ ಹೋಗುತ್ತಾರೆ ಎಂದು ಬಹಳ ಹೊತ್ತು ನೋಡಿದರು. ಆಮೇಲೆ ಪೇಟೆ ಸುತ್ತಿದರು. ಬಿಸಿಲು ಏರಿದ ಮೇಲೆ ಬ್ಯಾಂಕಿನ ಹೊಸ್ತಿಲು ದಾಟಿದರು.

“ದಾರಿ ತಪ್ಪಿತೇನ್ರಿ ಸಾಹೇಬ್ರ?” ಎಂದು ಏಜೆಂಟರು ಕೇಳಿದರು.

“ಇಲ್ಲ. ಪ್ಯಾಟಿ ಹ್ಯಾಂಗ ಅದ ಅಂತ ಮೊದಲು ತಿಳೀಬೇಕು. ಅದು ತಿಳೀದ ಬ್ಯಾಂಕ್ ಹ್ಯಾಂಗ ಅದ ಅಂತ ನನಗ ತಿಳಿಯೂದಿಲ್ಲ.” ಲೆಕ್ಕದ ಪುಸ್ತಕಗಳನ್ನು ತರಿಸಿ, ಮೇಲೆ ಮೇಲೆ ನೋಡಿ, ಮುಚ್ಚಿಟ್ಟರು. “ನೇಕಾರರ ಓಣಿ ಎಲ್ಲಿ ಅದ? ಯಾರರ ಒಬ್ಬರನ್ನ ಕೊಡ್ರಿ ನನ್ನ ಸಂಗಾಟ.”

ಏಜೆಂಟರು ನನ್ನನ್ನು ಒಳಗೆ ಕರೆದರು. “ಹೋಗು. ಏನ್ ಕೇಳತಾರ, ಯಾರನ್ನ ಕೇಳತಾರ, ಎಲ್ಲಾ ನನಗ ಬಂದು ಹೇಳು,” ಎಂದು ಪಿಸುಗುಟ್ಟಿದರು. ಹೊರಗೆ ಬಂದೆ. ಇನ್ಸ್‌ಪೆಕ್ಟರರು ಕೊಡೆ ಬಿಚ್ಚುತ್ತ, “ಏಜೆಂಟರಿಗೆ ಹೇಳೂದು ಭಾಳ ಇರತದ. ಸರಿಯಾಗಿ ಕೇಳಿಸಿಕೋರಿ, ಮರತೀರಿ,” ಎಂದರು. ಅವರು ನಗಲಿಲ್ಲ.

ಓಣಿಯ ಬಾಯಿಗೆ ಬರುವ ತನಕ ಮಗ್ಗಗಳ ಸಪ್ಪಳ ಕೇಳುತ್ತಿತ್ತು. ಕೊಡೆ ಹಿಡಿದ ಕೋಟಿನ ಮನುಷ್ಯ ಕಂಡದ್ದೇ ತಡ, ಒಂದರ ಹಿಂದೆ ಒಂದು ಮಗ್ಗ ನಿಂತು ಓಣಿಗೆ ಓಣಿಯೇ ಮೌನವಾಯಿತು. ಸರಕಾರ ನೂಲನ್ನು ಅಳೆದು ಕೊಡುತ್ತಿದ್ದ ಕಂಟ್ರೋಲಿನ ದಿನಗಳ ಭಯ ಜನರಿಗೆ ಇನ್ನೂ ಹೋಗಿರಲಿಲ್ಲ. ಸರಕಾರದವನು ನೂಲು ಹಿಡಿಯಲು ಬಂದ ಎಂದುಕೊಂಡರು. ಬಾಗಿಲುಗಳು ಅರ್ಧ ಮುಚ್ಚಿದವು. ಬೇರೆಯವರಾಗಿದ್ದರೆ ಇಲ್ಲಿ ಕೆಲಸವೇ ನಡೆದಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು. ಇವರು ಒಂದು ಮನೆಯ ಕಟ್ಟೆಯನ್ನು ಕೈಯಿಂದ ಒತ್ತಿ ನೋಡಿ ಕೂತುಬಿಟ್ಟರು.

ಸ್ವಲ್ಪ ಹೊತ್ತಿಗೆ ಆ ಮನೆಯ ನೀಲವ್ವ ಹೊರಗೆ ಬಂದಳು. ನಡುವಯಸ್ಸಿನ ಹೆಂಗಸು, ಗಂಡ ಸತ್ತ ಮೇಲೆ ತಾನೇ ನೇಯಲು ಮಗ್ಗದ ಕುಣಿಗೆ ಇಳಿದವಳು.

“ಯಾರನ್ನ ಕಾಯಾಕ ಕುಂತೀರ್ರಿ?”

“ಯಾರನ್ನೂ ಇಲ್ಲ. ಮಗ್ಗ ಯಾವಾಗ ಸುರು ಆಗತಾವ ಅಂತ ಕಾಯಲಿಕ್ಕತ್ತೇನಿ.”

“ಇವತ್ತ ಮಗ್ಗ ಹೂಡಂಗಿಲ್ರಿ. ಅಮಾಸಿ.”

“ಅಮಾಸಿ ಹೋದ ವಾರ ಆತಲ್ಲ ತಂಗಿ.”

“ನಮ್ಮ ಮನ್ಯಾಗ ಇವತ್ತ ಐತ್ರಿ.”

ಇನ್ಸ್‌ಪೆಕ್ಟರರು ಬಗ್ಗಿ ಬಾಗಿಲೊಳಗೆ ನೋಡಿದರು. ಲಾಳಿ ಹಾಸುನೂಲಿನ ನಡುವೆ ಅರ್ಧದಲ್ಲೇ ನಿಂತಿತ್ತು. ಕುಣಿಯ ಪಕ್ಕದ ಬಟ್ಟಲಲ್ಲಿ ಚಹಾ ಇನ್ನೂ ಹಬೆಯಾಡುತ್ತಿತ್ತು. “ಚಹಾ ಆರತದ, ಕುಡೀರಿ,” ಎಂದರು. ನೀಲವ್ವನಿಗೆ ನಗು ತಡೆಯಲಾಗಲಿಲ್ಲ. ನಾನು ಆಗ ಮುಂದೆ ಬಂದು, ಇವರು ಕಂಟ್ರೋಲಿನವರಲ್ಲ, ಬ್ಯಾಂಕಿನವರು ಎಂದೆ.

“ಬ್ಯಾಂಕಿನವರಿಗೆ ನಮ್ಮಲ್ಲಿ ಏನ್ ಕೆಲಸಾರಿ? ನಮಗೇನು ನೀವು ಸಾಲ ಕೊಡ್ತೀರೇನು? ಸಾವಕಾರಗ ನೀವು ಕೊಡ್ತೀರಿ, ಸಾವಕಾರ ನಮಗ ನೂಲ ಕೊಡ್ತಾನ. ಸೀರಿ ಹೋಗಲಿಲ್ಲಂದ್ರ ನೂಲ ಬಂದ ಮಾಡ್ತಾನ.”

“ಈಗ ಸೀರಿ ಹೋಗವಲ್ಲವು. ನೂಲು ಬಂದ ಆಗೇದೇನು?”

“ಇಲ್ರಿ. ಅದ ನಮಗೂ ತಿಳೀವಲ್ದು. ಹಿಂದ ಇಂಥಾ ಹೊತ್ತಿನಾಗ ಮೊದಲ ನಮ್ಮ ಹೊಟ್ಟಿ ಮ್ಯಾಲೆ ಹೊಡೀತಿದ್ರು. ಈ ಸಲ ಏಜೆಂಟ್ರು, ನೂಲ ನಿಂದ್ರಿಸಿದ್ರ ನಿಮಗ ನಾವೂ ಸಾಲ ನಿಂದ್ರಸ್ತೀವಿ ಅಂತ ಸಾವಕಾರರಿಗೆ ಹೇಳ್ಯಾರಂತ. ಮಜೂರಿ ಸ್ವಲ್ಪ ಇಳಿಸ್ಯಾರ. ಆದರ ಮಗ್ಗ ನಿಂತಿಲ್ಲ.”

ಇನ್ಸ್‌ಪೆಕ್ಟರರು ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ ಕೇಳಿದರು. “ಇರಲಿ, ನೋಡೋಣ,” ಎಂದು ಎದ್ದರು. ನೀಲವ್ವ ಒಬ್ಬಳ ಮಾತು ಅವರಿಗೆ ಸಾಲಲಿಲ್ಲ. ಓಣಿಯ ಆ ತುದಿಯ ತನಕ ಮನೆಮನೆ ಕೇಳುತ್ತ ಹೋದರು. ಎಲ್ಲ ಕಡೆಯೂ ಅದೇ ಮಾತು ಬಂದಾಗ, ಇಷ್ಟು ಮಂದಿ ಒಂದೇ ಮಾತು ಹೇಳುವಂತೆ ಯಾರಾದರೂ ಕಲಿಸಿದ್ದಾರೆಯೇ ಎಂದು ನನ್ನನ್ನೇ ಕೇಳಿದರು.

ತಿರುಗಿ ಬರುವಾಗ ಒಂದು ಬೇವಿನ ಗಿಡದ ನೆರಳಿಗೆ ನಿಂತರು. “ಪ್ಯಾಟ್ಯಾಗ ಸೀರಿ ಮಾರಾಟಿಲ್ಲ. ತೋಟಪ್ಪ ಸಾವಕಾರ ನೂಲು ಕೊಡೂದು ಬಿಟ್ಟಿಲ್ಲ. ಹಂಗಾರ ಅವನ ರೊಕ್ಕ ಹೊರಗ ಹೋಗಬೇಕು. ನಿಮ್ಮ ಬ್ಯಾಂಕಿಗೆ ಠೇವು ಆಗಿ ಹ್ಯಾಂಗ ಬಂತು?”

ಏಜೆಂಟರ ಮುಖ ಕಣ್ಣ ಮುಂದೆ ಬಂತು. “ಮಗಳ ಮದುವಿಗೆ ಅಂತ ಭಾಳ ದಿನದಿಂದ ಕೂಡಿಸಿಟ್ಟಿದ್ದರಂತ್ರಿ,” ಎಂದೆ.

“ಮಗಳ ಮದುವಿಗೆ?”

“ಹೌದ್ರಿ.”

ತೋಟಪ್ಪ ಸಾವಕಾರರಿಗೆ ಇದ್ದವರೆಲ್ಲ ಗಂಡುಮಕ್ಕಳೇ ಎಂದು ನನಗೆ ನೆನಪಾದದ್ದು ಮಾತು ಬಾಯಿಂದ ಬಿದ್ದ ಮೇಲೆ. ಅವರು ಸ್ವಲ್ಪ ದೂರ ನಡೆದು ಮತ್ತೊಮ್ಮೆ, “ಅಂದ್ರ ನಿಮಗ ಇದರಾಗ ಬ್ಯಾರೆ ಏನೂ ಗೊತ್ತಿಲ್ಲ?” ಎಂದು ಕೇಳಿದರು. ಗೊತ್ತಿಲ್ಲವೆಂದೆ. ಇರಲಿ ಎಂದರು. ನೋಡೋಣ ಎನ್ನಲಿಲ್ಲ. ನಂಬಿದರು ಎಂದುಕೊಂಡೆ.

ಮರುದಿನ ಅವರು ಒಬ್ಬರೇ ಪೇಟೆಗೆ ಹೋಗಿ ಬಂದರು. ಬಂದವರೇ ಏಜೆಂಟರ ಎದುರು ಕೂತು, ದನಿ ಎತ್ತದೆ, “ತೋಟಪ್ಪನವರನ್ನ ಕರಸ್ರಿ. ಅವರ ಠೇವು ಅವರು ಇವತ್ತಽ ಒಯ್ಯಲಿ. ಅದನ್ನ ಬಿಟ್ಟು ಉಳದ ಬ್ಯಾಂಕನ್ನ ನಾ ನೋಡತೇನಿ,” ಎಂದರು. ಬಸಲಿಂಗಪ್ಪನವರು ಮೇಜಿನ ಮೇಲಿನ ಕಾಗದಗಳನ್ನು ಓರಣ ಮಾಡತೊಡಗಿದರು. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದರು. ಸಾವಕಾರರು ಬಂದು ರೊಕ್ಕ ಒಯ್ದರು.

ಮುಂದಿನ ತಿಂಗಳು ಹುಕುಮು ಬಂತು. ಗಜೇಂದ್ರಗಡದ ಶಾಖೆ ಉಳಿಯುತ್ತದೆ. ಸದ್ಯಕ್ಕೆ ಉಳಿದೆರಡನ್ನೂ ಮುಚ್ಚುವುದಿಲ್ಲ. ಬಸಲಿಂಗಪ್ಪನವರನ್ನು ಏಜೆಂಟರ ಜಾಗದಿಂದ ಇಳಿಸಿ ನರಗುಂದಕ್ಕೆ ಹೆಡ್ ಕ್ಲಾರ್ಕ್ ಎಂದು ಹಾಕಿದ್ದರು. ಅಲ್ಲಿನ ಏಜೆಂಟರು ಇವರ ಕೈಕೆಳಗೆ ಕೆಲಸ ಕಲಿತು ಹೋದವರು.

ಊರಿನ ಮಂದಿಗೆ ಲೆಕ್ಕ ಬಗೆಹರಿಯಿತು. ಠೇವಿನ ಗುಟ್ಟು ಗೊತ್ತಿದ್ದದ್ದು ಏಜೆಂಟರಿಗೆ, ಸಾವಕಾರರಿಗೆ, ನನಗೆ. ಇನ್ಸ್‌ಪೆಕ್ಟರರ ಜೊತೆ ದಿನವಿಡೀ ತಿರುಗಿದವನು ನಾನು. ಹೊಸ ಏಜೆಂಟರು ಬಂದು ನನಗೆ ಮುಂಗಡದ, ಅಂದರೆ ಸಾಲ ಕೊಡುವ, ದೊಡ್ಡ ಕೆಲಸ ಕೊಟ್ಟ ಮೇಲಂತೂ ಗುಟ್ಟು ಬಿಟ್ಟುಕೊಟ್ಟವನು ನಾನೇ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ನಾನು ಚಹಾದಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ನೀಲವ್ವ ದಾರಿಯಲ್ಲಿ ತಡೆದು, “ಅಣ್ಣಾರ, ನಮ್ಮ ಏಜೆಂಟ್ರನ್ನ ಯಾಕ ಕಳಿಸಿಬಿಟ್ರಿ?” ಎಂದು ನೇರವಾಗಿಯೇ ಕೇಳಿದಳು. ನಾನಲ್ಲ ಎಂದೆ. ಅವಳು ಸೆರಗು ಸರಿ ಮಾಡಿಕೊಂಡು ಹೊರಟುಹೋದಳು.

ಬಸಲಿಂಗಪ್ಪನವರು ಊರು ಬಿಟ್ಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಅವರ ಟ್ರಂಕಿಗೆ ಕೈ ಹಾಕಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ತೆಗೆದರು. “ಬ್ಯಾಡ. ನನ್ನ ಸಾಮಾನು ನಾ ಹೊರತೀನಿ.” ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವರ್ಷಗಳಲ್ಲಿ ನಾನು ಇನ್ಸ್‌ಪೆಕ್ಟರರನ್ನು ಮನಸಾರೆ ದ್ವೇಷಿಸಿದೆ. ಅವರ ಬಗ್ಗೆ ಯಾರು ಏನು ಹೇಳಿದರೂ ಕಿವಿಗೊಟ್ಟೆ. ರೋಣದವರಿಂದ ಏನೋ ತಿಂದಿದ್ದಾರೆ ಎಂದರು, ಅದನ್ನೂ ಅಲ್ಲಗಳೆಯಲಿಲ್ಲ. ಆದರೆ ರೋಣದ ಶಾಖೆಯನ್ನೂ ಅವರು ಬಿಟ್ಟಿರಲಿಲ್ಲ. ಎಲ್ಲ ಕಡೆ ಸಾಲ ಮುಳುಗುತ್ತಿರುವಾಗ ರೋಣದಲ್ಲಿ ಒಂದೂ ಮುಳುಗಿಲ್ಲವೆಂದು ಅಲ್ಲಿನ ಏಜೆಂಟರು ಹೆಮ್ಮೆಯಿಂದ ಹೇಳಿದಾಗ ಇವರು, “ಊರಿಗೆಲ್ಲ ನೆಗಡಿ ಆದಾಗ ಒಬ್ಬನ ಮೂಗು ಅಷ್ಟ ಸೋರಲಿಲ್ಲಂದ್ರ, ಅವಗ ಮೂಗು ಅದನೋ ಇಲ್ಲೋ ನೋಡಬೇಕಾಗತದ,” ಎಂದು ಗೋದಾಮುಗಳ ಬೀಗ ತೆಗೆಸಿ ಕೂತರಂತೆ. ಅಡವಿಟ್ಟ ಹತ್ತಿಗೆ ಇನ್ನೂ ಏರಿದ ಕಾಲದ ದರವನ್ನೇ ಹಿಡಿದಿದ್ದು ಹೊರಬಿತ್ತು. ಆ ಏಜೆಂಟರ ಹಾರ ಅಲ್ಲಿಗೇ ಬಾಡಿತು.

ಮರುವರ್ಷ ಇನ್ಸ್‌ಪೆಕ್ಟರರು ಗಜೇಂದ್ರಗಡಕ್ಕೆ ಬಂದಾಗ ಅವರೊಬ್ಬರೇ ಇರುವ ಹೊತ್ತು ನೋಡಿ ಎದುರು ನಿಂತೆ.

“ಸಾಹೇಬ್ರ, ಬಸಲಿಂಗಪ್ಪನವರಿಗೆ ನಾ ಏನೂ ಕೆಟ್ಟದ್ದು ಮಾಡಿಲ್ಲ. ನಿಮಗ ನಾ ಹೇಳಿಲ್ಲ ಅನ್ನೂದು ನಿಮಗ ಗೊತ್ತೈತಿ. ಅಷ್ಟ ಅವರಿಗೆ ತಿಳಿಸ್ರಿ.”

ಅವರು ಕನ್ನಡಕ ತೆಗೆದು ಒರೆಸಿದರು. “ನಾ ತಿಳಿಸಿದ್ರ ನಂಬತಾರೇನು? ಗುಟ್ಟು ಹೇಳಿದವನನ್ನ ಕಾಯಲಿಕ್ಕೆ ಬಂದಾನ ಅಂತಾರ. ಅವರ ಜಾಗಾದಾಗ ಇದ್ದಿದ್ರ ನಾನೂ ಹಂಗಽ ಅಂತಿದ್ದೆ.”

ಇನ್ನು ಈ ಮನುಷ್ಯನನ್ನು ಏನೂ ಕೇಳಬಾರದೆಂದು ಹೊರಗೆ ಬಂದೆ.

ನಾವು ಮುಂಬಯಿ ಸರಕಾರದಿಂದ ಮೈಸೂರು ಸರಕಾರಕ್ಕೆ ಸೇರಿದ ಮೇಲಿನ ಮಾತು. ಬ್ಯಾಂಕಿನ ಕೆಲಸಕ್ಕೆ ನರಗುಂದಕ್ಕೆ ಹೋಗಿದ್ದೆ. ಗುಡ್ಡದ ಕೆಳಗಿನ ರಸ್ತೆಯಲ್ಲಿ ನಡೆಯುತ್ತಿರುವಾಗ ಹಿಂದಿನಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಬಸಲಿಂಗಪ್ಪನವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಮನಿಗೆ ಬಾ,” ಎಂದರು.

ಅವರ ಹೆಂಡತಿ ಅವಲಕ್ಕಿ, ಚಹಾ ಇಟ್ಟು ಒಳಗೆ ಹೋದರು. ಬಸಲಿಂಗಪ್ಪನವರು ಗೋಡೆಗೆ ಒರಗಿ ಕೂತರು. ಆಮೇಲೆ ಅಂದರು: “ಆ ಮನಷ್ಯಾ ಬಂದಿದ್ದ. ಇಲ್ಲೇ ಕುಂತಿದ್ದ, ನೀ ಕುಂತಲ್ಲಿ.”

“ಇನ್ಸ್‌ಪೆಕ್ಟರ್ ಸಾಹೇಬ್ರ?”

“ಹೂಂ. ‘ಆ ಹುಡುಗ ನನಗೇನೂ ಹೇಳಿಲ್ಲ’ ಅಂದ. ನಾ ನಂಬಲಿಲ್ಲ. ಹಂಗಾರ ನಿಮಗ ಯಾರು ಹೇಳಿದ್ರು ಅಂದೆ. ಸಾವಕಾರನ ಹೇಳಿದ ಅಂದ. ಮರುದಿನ ಅಂಗಡಿಗೆ ಹೋದ್ರ, ‘ಸಾಹೇಬ್ರ, ನೀವು ಊರಿಗೆ ಯಾವಾಗ ಹೋಗತೀರಿ, ನನ್ನ ರೊಕ್ಕ ತಕ್ಕೋಬೇಕಾಗೈತಿ’ ಅಂತ ತೋಟಪ್ಪ ತಾನಽ ಕೇಳಿದ್ನಂತ.” ಬಸಲಿಂಗಪ್ಪನವರು ನಕ್ಕರು; ನಗು ಕೆಮ್ಮಾಯಿತು. “ಅದನ್ನೂ ನಾ ನಂಬಲಿಲ್ಲ. ಆಗ ಅಂದ, ‘ನಿಮ್ಮ ಹುಡುಗನ್ನ ನಾ ಎರಡ ಸಲ ಕೇಳೇನಿ. ಎರಡೂ ಸಲ ಸುಳ್ಳು ಹೇಳಿದ. ಸಾವಕಾರನ ಮಗಳ ಮದುವಿ ಅಂದ. ಅವಂಗ ಮಗಳಽ ಇಲ್ಲ ಅಂತ ನನಗ ಚಹಾದಂಗಡ್ಯಾಗಽ ಗೊತ್ತಾಗಿತ್ತು. ಇನ್ಸ್‌ಪೆಕ್ಟರಗ ಸುಳ್ಳು ಹೇಳಿದ ಗುಮಾಸ್ತನ ನೌಕರಿ ತಗೀಬೇಕು. ಅದೊಂದನ್ನ ನಾ ಬರೀಲಿಲ್ಲ. ಇಷ್ಟು ವರ್ಷದಾಗ ಬರೀದ ಬಿಟ್ಟದ್ದು ಅದೊಂದಽ’ ಅಂದ.”

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ.

“ನನ್ನ ಸಲುವಾಗಿ ಸುಳ್ಳು ಹೇಳಿದ್ಯಾ?” ಎಂದು ಬಸಲಿಂಗಪ್ಪನವರು ಕೇಳಿದರು. “ಟ್ರಂಕ್ ಹಿಡಿಯಾಕ ಸೈತ ಬಿಡಲಿಲ್ಲಲ್ಲೋ ನಾ ನಿನಗ.”

ಅವಲಕ್ಕಿಯ ತಟ್ಟೆಯನ್ನು ನಾನು ಅವರ ಕಡೆಗೆ ಸರಿಸಿದೆ. ಆಮೇಲೆ, ನಿಮ್ಮ ಬಗ್ಗೆ ಏನಂದರು ಎಂದು ಕೇಳಿದೆ.

“ನೇಕಾರರಿಗೆ ನೂಲು ನಿಲ್ಲದಂಗ ಮಾಡಿದ್ದನ್ನ ಬರದಿದ್ನಂತ. ಪ್ಯಾಟಿ ಬಿದ್ದಷ್ಟು ಗಜೇಂದ್ರಗಡದ ಶಾಖೆ ಬಿದ್ದಿಲ್ಲ, ಅದಕ್ಕ ಕಾರಣ ಇವರು, ಶಾಖೆ ಉಳೀಬೇಕು ಅಂತ. ಅದರ ಕೆಳಗ ಠೇವಿನ ಸುದ್ದೀನೂ ಬರದಿದ್ನಂತ. ನಾ ಅಂದೆ, ಒಳ್ಳೇದು ಮಾಡಿದ್ದರಾಗ ಕೆಟ್ಟದ್ದು ಕಳದು ಬರೀಬೇಕಾಗಿತ್ತಲ್ರಿ. ಅದಕ್ಕ, ‘ಒಬ್ಬ ಮನಷ್ಯಾನಾಗ ಒಂದನ್ನ ಇನ್ನೊಂದರಾಗ ಕಳದು ಉಳದದ್ದು ಬರೀರಿ ಅಂದ್ರ, ನನಗ ಆ ಲೆಕ್ಕ ಬರೂದಿಲ್ಲ. ಎರಡೂ ಬರದೇನಿ’ ಅಂದ.”

“ನಿಮಗ ಸಿಟ್ಟು ಹೋತೇನ್ರಿ?”

“ಅವನ ಮ್ಯಾಲಿಂದ ಹೋಗಿಲ್ಲ,” ಎಂದರು. “ನಿನ್ನ ಮ್ಯಾಲಿಂದ ಹೋತು.”

ಅಂದು ರಾತ್ರಿ ನನ್ನನ್ನು ಗಜೇಂದ್ರಗಡಕ್ಕೆ ತಿರುಗಿ ಹೋಗಗೊಡಲಿಲ್ಲ. ನಿವೃತ್ತರಾಗುವ ತನಕ ಅವರು ನರಗುಂದದಲ್ಲೇ ಹೆಡ್ ಕ್ಲಾರ್ಕ್ ಆಗಿ ಉಳಿದರು. ನೀಲವ್ವನ ಮಗಳ ಮದುವೆಗೆ ಅವರೂ ಬಂದಿದ್ದರು. ಊರಿನವರೆಲ್ಲ ನೋಡುವಂತೆ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡೇ ಓಣಿಯ ಉದ್ದಕ್ಕೂ ನಡೆದರು. ಅಂದಿನಿಂದ ಚಹಾದಂಗಡಿಯಲ್ಲಿ ನಾನು ಬಂದರೆ ಮಾತು ನಿಲ್ಲುವುದು ತಪ್ಪಿತು.

ಇನ್ಸ್‌ಪೆಕ್ಟರರು ನನ್ನ ಮಾತಿಗೆ ನರಗುಂದಕ್ಕೆ ಹೋದರೋ, ತಾವಾಗಿಯೇ ಹೋದರೋ ನನಗೆ ತಿಳಿಯಲಿಲ್ಲ. ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟರು. ಮೇಲಿನವರ ವ್ಯವಹಾರವನ್ನೂ ಶಾಖೆಗಳಂತೆಯೇ ತನಿಖೆ ಮಾಡಬೇಕೆಂದು ಬರೆದುಕೊಟ್ಟರಂತೆ, ಅದು ಅಲ್ಲಿಯವರಿಗೆ ಸೇರಲಿಲ್ಲವಂತೆ. ಇದು ಕೇಳಿದ ಮಾತು. ಖರೆಯೋ ಸುಳ್ಳೋ ಹೇಳಲಾರೆ.

ಕೊನೆಗೊಮ್ಮೆ ಅವರು ಸಿಕ್ಕದ್ದು ಗದಗಿನ ರೈಲ್ವೆ ಸ್ಟೇಶನ್ನಿನಲ್ಲಿ. ಒಂದು ಬೆಂಚಿನ ನಡುವೆ ಒಬ್ಬರೇ ಕೂತಿದ್ದರು. ಕೋಟಿನ ಗುಂಡಿಯೊಂದು ಕಿತ್ತುಹೋಗಿತ್ತು. ಹತ್ತಿರ ಹೋಗಿ ನಮಸ್ಕಾರ ಮಾಡಿದೆ. ಗುರುತು ಹಿಡಿದರು.

“ನರಗುಂದಕ್ಕ ಹೋಗಿ ಬಂದ್ರಂತ ತಿಳೀತ್ರಿ,” ಎಂದೆ. “ನಿಮ್ಮಿಂದ ಭಾಳ ಉಪಕಾರ ಆತು.”

ಅವರು ತಲೆ ಓರೆ ಮಾಡಿದರು. “ಈಗ ಏನ್ ಬೇಕಾಗಿತ್ತು ನಿಮಗ?”

“ಏನೂ ಬ್ಯಾಡ್ರಿ. ಇಷ್ಟ ಹೇಳಬೇಕಂತ ಬಂದೆ.”

ಎಡಗಣ್ಣು ಕಿರಿದು ಮಾಡಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದ ಹಾಗೆ ಕಾಣಲಿಲ್ಲ. ಆದರೂ ಬೆಂಚಿನ ಮೇಲೆ ಒಂದು ಬದಿಗೆ ಸರಿದು, ನನಗೆ ಕೂಡಲು ಜಾಗ ಮಾಡಿಕೊಟ್ಟರು.